ಪದಚರ್ಚೆ: ‘ರೇಸ್ ಕಂಡೀಶನ್’ಗೆ ‘ಸರದಿಗೇಡು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ‘ಡರ್ಟಿ ಕೌ’ ಅನ್ನುವ ಭದ್ರತಾ ದೋಷದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ರೇಸ್ ಕಂಡೀಶನ್’ ಹತ್ತಿರ ಬಂದು ಕೈ ನಿಂತಿದೆ. ಜೊತೆಜೊತೆಗೆ ನಡೆಯುವ ಕೆಲಸಗಳಲ್ಲಿ ಯಾವುದು ಮೊದಲು ಆಯಿತು ಅನ್ನುವುದರ ಮೇಲೆ ಫಲಿತಾಂಶ ಕೆಡುವ ದೋಷಕ್ಕೆ ಹೀಗನ್ನುತ್ತಾರೆ. ‘ಸ್ಪರ್ಧಾ ಸ್ಥಿತಿ’ ಅಂದರೆ ಓದುಗರಿಗೆ ಕೆಎಎಸ್ ಪರೀಕ್ಷೆ ನೆನಪಾಗುತ್ತದೆ. ‘ಪೈಪೋಟಿ’ ಒಳ್ಳೆಯ ಆಡುಮಾತು. ಆದರೆ ಪೈಪೋಟಿ ಅಂದಮೇಲೆ ಇಬ್ಬರಿಗೂ ಗೆಲ್ಲುವ ಹಟ ಇರಬೇಕು, ಅಲ್ವಾ? ಇಲ್ಲಿ ಅದಿಲ್ಲ.

ನಡೆಯುವುದು ಹೀಗೆ. ಓದಲು ಮಾತ್ರ ಅನುಮತಿ ಇರುವ ಫೈಲನ್ನು ಒಂದು ಪ್ರೋಗ್ರಾಂ ತನ್ನ ಮೆಮೊರಿಗೆ ಖಾಸಗಿಯಾಗಿ ಮ್ಯಾಪ್ ಮಾಡಿಕೊಳ್ಳುತ್ತದೆ, ಅಂದರೆ ಮೆಮೊರಿಯ ಭಾಗವೇ ಅನ್ನುವ ಹಾಗೆ ಜೋಡಿಸಿಕೊಳ್ಳುತ್ತದೆ. ಅದರ ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ), ಪ್ರೋಗ್ರಾಂನ ಮೆಮೊರಿಯನ್ನೇ ಫೈಲಿನ ಹಾಗೆ ತೋರಿಸುವ ‘ಪ್ರಾಕ್’ ಫೈಲ್‌ವ್ಯವಸ್ಥೆಯ ‘ಮೆಮ್’ ಫೈಲಿನ ಮೂಲಕ ಆ ಜಾಗಕ್ಕೆ ಬರೆಯಲು ಹೋಗುತ್ತದೆ. ಮೂಲ ಪುಟ (ಮೆಮೊರಿಯ ಒಂದು ತುಂಡು) ಮುಟ್ಟುವ ಹಾಗಿಲ್ಲ, ಹಾಗಾಗಿ ಕರ್ನಲ್ ಒಂದು ನಕಲು ಮಾಡಿಕೊಡುತ್ತದೆ. ಇದೇ ‘ಕಾಪಿ ಆನ್ ರೈಟ್’, ‘ಕೌ’ ಅನ್ನುವುದು ಇದರ ಚುಟುಕು ರೂಪ. ನಕಲು ಆಯಿತಲ್ಲ, ಇನ್ನು ಬರೆಯುವ ಅನುಮತಿ ನೋಡಬೇಕಾಗಿಲ್ಲ ಅಂತ ಕರ್ನಲ್ ‘ಇದು ಬರೆಯಲು’ ಅನ್ನುವ ಗುರುತನ್ನು ತೆಗೆದುಹಾಕಿ, ಪುಟವನ್ನು ಮತ್ತೆ ಹುಡುಕುತ್ತದೆ. ಅಷ್ಟರಲ್ಲಿ ಅದೇ ಪ್ರೋಗ್ರಾಂನ ಇನ್ನೊಂದು ಥ್ರೆಡ್ ‘ಎಂಅಡ್ವೈಸ್’ ಕರೆದು ‘ಈ ಪುಟ ನನಗೆ ಬೇಡ’ ಅಂದಿದ್ದರೆ, ನಕಲು ಹೋಗಿರುತ್ತದೆ. ಹುಡುಕಿದಾಗ ಸಿಗುವುದು ಮೂಲ ಪುಟ. ಬರಹ ಅದರ ಮೇಲೇ ಬೀಳುತ್ತದೆ. ಸಾಮಾನ್ಯ ಬಳಕೆದಾರ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಲು ಇಷ್ಟು ಸಾಕು.

ಎರಡೂ ಥ್ರೆಡ್ ಒಬ್ಬನವೇ. ಇಬ್ಬರೂ ಸೇರಿ ಕರ್ನಲ್ಲಿಗೆ ಟೋಪಿ ಹಾಕುತ್ತಿದ್ದಾರೆ. ಇದನ್ನು ಪೈಪೋಟಿ ಅನ್ನಲು ನನಗಂತೂ ಮನಸ್ಸು ಬರಲ್ಲ.

2007ರ 2.6.22 ಆವೃತ್ತಿಯಿಂದ ಇದ್ದ ಈ ದೋಷ ಸರಿಯಾದದ್ದು 2016ರ ಅಕ್ಟೋಬರಿನಲ್ಲಿ. ರೇಸ್ ಮಾತ್ರ ಅದಕ್ಕೂ ಹಳೆಯದು: ಅದನ್ನು 11 ವರ್ಷದ ಹಿಂದೆ, ಅಂದರೆ 2005ರಲ್ಲಿ, ತಾನೇ ಸರಿಮಾಡಲು ನೋಡಿದ್ದೆ, ಐಬಿಎಂನ ಎಸ್390 ಯಂತ್ರಗಳಲ್ಲಿ ತೊಂದರೆಯಾಗಿ ಆ ತಿದ್ದುಪಡಿಯನ್ನು ತೆಗೆಯಬೇಕಾಯಿತು ಅಂತ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2016ರ ಕಮಿಟ್ (ಕೋಡ್ ಬದಲಾವಣೆಯ) ಟಿಪ್ಪಣಿಯಲ್ಲಿ ಬರೆದಿದ್ದಾರೆ. ಆಗ ಇದು ಬರೀ ಕಾಗದದ ಮೇಲಿನ, ಅಂದರೆ ಸೈದ್ಧಾಂತಿಕ, ರೇಸ್ ಆಗಿತ್ತಂತೆ.

ಇನ್ನೊಂದು ತೊಡಕು ಇದೆ. ‘ಡೇಟಾ ರೇಸ್’ ಬೇರೆ, ‘ರೇಸ್ ಕಂಡೀಶನ್’ ಬೇರೆ. ಬೀಗ (ಒಮ್ಮೆಗೆ ಒಬ್ಬರನ್ನೇ ಬಿಡುವ ‘ಲಾಕ್’) ಹಾಕದೆ ಇಬ್ಬರು ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಕೈಹಾಕಿ, ಅವರಲ್ಲಿ ಒಬ್ಬರಾದರೂ ಬರೆಯುತ್ತಿದ್ದರೆ ಅದು ಡೇಟಾ ರೇಸ್. 2020ರಲ್ಲಿ 5.8 ಆವೃತ್ತಿಗೆ ಸೇರಿದ ‘ಕೆಸಿಸ್ಯಾನ್’ ಅನ್ನುವ ದೋಷಪತ್ತೆ ಸಲಕರಣೆ ಹುಡುಕುವುದು ಮುಖ್ಯವಾಗಿ ಇಂಥದ್ದನ್ನು. ಡರ್ಟಿ ಕೌ ಹಾಗಲ್ಲ. ಅಲ್ಲಿ ಪುಟಪಟ್ಟಿ (ಯಾವ ಪುಟ ಎಲ್ಲಿದೆ ಅನ್ನುವ ಪಟ್ಟಿ) ನೋಡುವಾಗ, ತಿದ್ದುವಾಗ ಬೀಗ ಇದ್ದೇ ಇದೆ. ಒಂದು ಹೆಜ್ಜೆಗೂ ಮುಂದಿನದಕ್ಕೂ ನಡುವೆ ಬೀಗ ಬಿಡುತ್ತಾರೆ. ಸಾಲದ್ದಕ್ಕೆ, ಮತ್ತೆ ಹುಡುಕುವ ಆ ಲೂಪಿನಲ್ಲೇ ‘ಬೇರೆಯವರಿಗೆ ಸಿಪಿಯು ಬೇಕಿದ್ದರೆ ತಗೊಳ್ಳಿ’ ಅನ್ನುವ ಸಾಲೂ ಇದೆ! ಆ ನಡುವಿನ ಹೊತ್ತಿಗೆ ‘ರೇಸ್ ವಿಂಡೋ’ ಅನ್ನುತ್ತಾರೆ. ಇದಕ್ಕೆ ‘ಸಂದು’ ಸಾಕು. ‘ಕಿಟಕಿ’ ಅಂತ ಮಾತ್ರ ಯಾರೂ ಬರೆಯಬೇಡಿ. ಕರ್ನಲ್ಲಿನಿಂದ ಸಂದೇಶ ಬರೆಸುವ ‘ಪ್ರಿಂಟ್‌ಕೆ’ ಸಾಲು ಸೇರಿಸಿದರೆ ವೇಳೆ ಬದಲಾಗುತ್ತದೆ, ಆಗ ಡೀಬಗ್ ಮಾಡುವವರು ಆಡುವ ಮಾತಿಗೂ ಸಂದು ಹೊಂದುತ್ತದೆ: ‘ಪ್ರಿಂಟ್‌ಕೆ ಹಾಕಿದ ಕೂಡಲೇ ಸಂದು ಮುಚ್ಚಿಹೋಯ್ತು, ದೋಷ ಕಾಣಿಸ್ತಿಲ್ಲ.’

ಮುಖ್ಯ ಪದಕ್ಕೆ ನನಗೆ ಹೊಳೆದದ್ದು ‘ಸರದಿಗೇಡು’. ನಾಚಿಕೆಗೇಡು, ಮರ್ಯಾದೆಗೇಡು ಇರುವ ಹಾಗೆ. ಯಾರು ಮೊದಲು, ಯಾರು ಆಮೇಲೆ ಅನ್ನುವುದರಲ್ಲಿ ಕೇಡು ಇದೆ ಅನ್ನುವುದು ಒಂದೇ ಏಟಿಗೆ ತಿಳಿಯುತ್ತದೆ. ಆದರೆ ಗೆಳೆಯರೊಬ್ಬರು ಸರಿಯಾದ ತಕರಾರು ಎತ್ತಿದರು. ಗ್ಯಾಸ್ ಸಿಲಿಂಡರ್ ಸಾಲಿನಲ್ಲಿ ಯಾರೋ ನಡುವೆ ನುಗ್ಗಿದರೆ ಸರದಿ ಕೆಟ್ಟಿತು ಅನ್ನಬಹುದು, ಅಲ್ಲಿ ಸರದಿ ಮೊದಲೇ ಇತ್ತು. ಕರ್ನಲ್ಲಿನಲ್ಲಿ ಸರದಿಯನ್ನೇ ಯಾರೂ ಗೊತ್ತುಮಾಡಿರಲಿಲ್ಲವಲ್ಲ, ಕೆಡುವುದೇನು? ‘ಹಿಂದುಮುಂದು’ ಅಂದರೆ ಈ ತಕರಾರು ಇಲ್ಲ. ಆದರೆ ‘ಹಿಂದುಮುಂದು ನೋಡು’ ಅಂದರೆ ಅನುಮಾನಿಸು ಅಂತಲೂ ಆಗುತ್ತದೆ.

‘ಡರ್ಟಿ’ ಬಗ್ಗೆಯೂ ಒಂದು ಮಾತು. ಪುಟದ ವಿಷಯದಲ್ಲಿ ಡರ್ಟಿ ಅಂದರೆ ಕೊಳಕು ಅಂತಲ್ಲ, ತಿದ್ದಿದ್ದಾರೆ ಆದರೆ ಡಿಸ್ಕಿಗೆ ಇನ್ನೂ ಹೋಗಿಲ್ಲ ಅಂತ. ‘ಮೈಲಿಗೆ ಪುಟ’ ಅಂತ ಒಬ್ಬರು ತಮಾಷೆಗೆ ಹೇಳಿದರು. ಆ ಪದದ ಹಿಂದಿರುವ ಜಾತಿಯ ಭಾರ ನನಗೆ ಬೇಡ. ‘ತಿದ್ದಿದ ಪುಟ’ ಅಂತಲೇ ಬರೆಯುತ್ತಿದ್ದೇನೆ.

ನನ್ನ ಪ್ರಶ್ನೆ ಎರಡು. ಸರದಿಯೇ ಇಲ್ಲದ ಕಡೆ ‘ಸರದಿಗೇಡು’ ಒಪ್ಪುತ್ತದೆಯೇ? ಡೇಟಾ ರೇಸಿಗೆ ಬೇರೆ ಪದ ಬೇಕೋ, ಇಲ್ಲಾ ಅದನ್ನು ‘ಬೀಗವಿಲ್ಲದ ತಾಕಲಾಟ’ ಅಂತ ಬಿಡಿಸಿ ಬರೆದರೆ ಸಾಕೋ? ಕರ್ನಲ್ ಕೆಲಸ ಮಾಡುವವರು ಕನ್ನಡದಲ್ಲಿ ಮಾತಾಡುವಾಗ ಏನನ್ನುತ್ತೀರಿ ಅಂತಲೂ ತಿಳಿಸಿ. ಸುಮ್ನೆ ‘ರೇಸ್ ಆಯ್ತು’ ಅನ್ನುವುದಾದರೆ, ಅದನ್ನೂ ಬರೆಯಿರಿ.