ಹಳೇ ಫ್ರಿಡ್ಜ್, ಫ್ಯಾನ್, ಗೀಸರ್: ಕರೆಂಟ್ ಉಳಿಸೋಕೆ ಮೊದಲು ಯಾವುದನ್ನ ಬದಲಾಯಿಸ್ಬೇಕು?

ಸಂಜೆಗಾಳಿ:
ಎಲ್ರಿಗೂ ನಮಸ್ಕಾರ. ಮನೇಲಿರೋ ಸಾಮಾನೆಲ್ಲ ಹಳೇದಾಗಿದೆ, ಫ್ರಿಡ್ಜ್ ಹದಿನೈದು ವರ್ಷ ದಾಟಿದೆ, ಸೀಲಿಂಗ್ ಫ್ಯಾನ್‌ಗಳು ಅದಕ್ಕಿಂತ ಹಳೇವು, ವಾಷಿಂಗ್ ಮಷೀನ್ ಹೇಗೋ ಓಡ್ತಿದೆ. ಎಲ್ಲಾನೂ ಒಟ್ಟಿಗೆ ತಗೊಳ್ಳೋಕಾಗಲ್ಲ, ಒಂದೊಂದಾಗಿ ಬದಲಾಯಿಸ್ಬೇಕು. ವಿಚಾರಿಸಿದ್ರೆ ಒಬ್ರು ಸ್ಟಾರ್ ನೋಡಿ ಅಂತಾರೆ, ಇನ್ನೊಬ್ರು ಇನ್ವರ್ಟರ್ ಮಾಡೆಲ್ ಆದ್ರೆ ಸಾಕು ಬೇರೇನೂ ನೋಡ್ಬೇಡಿ ಅಂತಾರೆ. ಫ್ರಿಡ್ಜ್ ಹಿಂದೆ 150 ವ್ಯಾಟ್ ಅಂತ ಬರ್ದಿದೆ, ಗೀಸರ್ ಮೇಲೆ 2000 ವ್ಯಾಟ್. ಹಾಗಾದ್ರೆ ಮೊದಲು ಗೀಸರ್ ತೆಗೀಬೇಕಲ್ವಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಲೆಕ್ಕದ_ಮೇಷ್ಟ್ರು:
ವ್ಯಾಟ್ ಒಂದನ್ನೇ ನೋಡ್ಬೇಡಿ, ಅದು ಎಷ್ಟು ಹೊತ್ತು ಓಡುತ್ತೆ ಅನ್ನೋದನ್ನೂ ಜೊತೆಗಿಟ್ಟು ಲೆಕ್ಕ ಹಾಕಿ. 1000 ವ್ಯಾಟ್ ಒಂದು ಗಂಟೆ ಓಡಿದ್ರೆ 1 ಯೂನಿಟ್. ನಿಮ್ಮ ಗೀಸರ್ ದಿನಕ್ಕೆ ಕಾಲು ಗಂಟೆ ಆನ್ ಇದ್ರೆ ಅರ್ಧ ಯೂನಿಟ್, ಅಷ್ಟೇ. ಮತ್ತೆ ಗೀಸರ್‌ನಲ್ಲಿ ಉಳಿಸೋಕೆ ಜಾಗಾನೂ ಕಮ್ಮಿ: 15 ಲೀಟರ್ ನೀರನ್ನ 30 ಡಿಗ್ರಿ ಬಿಸಿ ಮಾಡೋಕೆ ಅರ್ಧ ಯೂನಿಟ್‌ಗಿಂತ ಒಂಚೂರು ಜಾಸ್ತಿ ಬೇಕೇ ಬೇಕು, ಕಾಯಿಲ್ ಹಳೇದಾದ್ರೂ ಹೊಸದಾದ್ರೂ ಅದು ಬದಲಾಗಲ್ಲ. ಬದಲಾಗೋದು ಟ್ಯಾಂಕಿನ ಇನ್ಸುಲೇಶನ್ ಮಾತ್ರ, ಅದಕ್ಕೆ ಥರ್ಮೋಸ್ಟಾಟ್ ಸ್ವಲ್ಪ ಇಳಿಸಿ, ದಿನವಿಡೀ ಆನ್ ಬಿಡ್ಬೇಡಿ. ಹೀಟ್ ಪಂಪ್ ಥರದ್ದು ತಗೊಂಡ್ರೆ ಮಾತ್ರ ನಿಜವಾದ ವ್ಯತ್ಯಾಸ, ಅದು ಸುತ್ತಲಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡೋದ್ರಿಂದ ಕರೆಂಟ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ.

ಅದೇ ಫ್ಯಾನ್ ತಗೊಳ್ಳಿ. ಹಳೇದು ಸುಮಾರು 75 ವ್ಯಾಟ್, ಬಿಎಲ್‌ಡಿಸಿ ಅಂದ್ರೆ ಬ್ರಷ್ ಇಲ್ಲದ, ಕಮ್ಮಿ ಕರೆಂಟ್ ಎಳೆಯೋ ಮೋಟಾರಿಂದು 30ರ ಆಸುಪಾಸು. ದಿನಕ್ಕೆ 10 ಗಂಟೆ ಅಂದ್ರೂ ಒಂದೇ ಫ್ಯಾನಿಂದ ವರ್ಷಕ್ಕೆ 160 ಯೂನಿಟ್ ಮೇಲೆ ಉಳಿಯುತ್ತೆ. ಮೂರ್ನಾಲ್ಕು ಫ್ಯಾನ್ ಇದ್ರೆ ನೀವೇ ಗುಣಿಸ್ಕೊಳ್ಳಿ. ನನ್ನ ವೋಟು ಫ್ಯಾನ್‌ಗೆ.

ತಂತಿ_ಪಕಡು:
ಮೇಷ್ಟ್ರ ಲೆಕ್ಕ ಸರಿ, ಆದ್ರೆ ಹದಿನೈದು ವರ್ಷದ ಫ್ರಿಡ್ಜ್‌ನ ಸುಮ್ನೆ ಬಿಡೋ ಹಾಗಿಲ್ಲ. ಅದು 24 ಗಂಟೆಯೂ ಪ್ಲಗ್‌ನಲ್ಲೇ ಇರುತ್ತೆ, ಕಂಪ್ರೆಸರ್ ಆನ್ ಆಫ್ ಆಗ್ತಾ ಇರೋದ್ರಿಂದ ಹಿಂದೆ ಬರ್ದಿರೋ 150 ವ್ಯಾಟ್‌ನಿಂದ ಏನೂ ಗೊತ್ತಾಗಲ್ಲ. ಬಾಗಿಲಿಗೆ ಒಂದು ಕಾಗದದ ಚೂರು ಸಿಗಿಸಿ ಮುಚ್ಚಿ ಎಳೆದು ನೋಡಿ, ಸಲೀಸಾಗಿ ಬಂದ್ಬಿಟ್ರೆ ಅಲ್ಲಿ ರಬ್ಬರ್ ಸಡಿಲ ಆಗಿದೆ, ತಂಪು ಸೋರ್ತಿದೆ ಅಂತ. ನಾಲ್ಕೂ ಕಡೆ ನೋಡಿ, ಕೆಳಗಿನ ಮೂಲೇನ ಮರೀಬೇಡಿ. ಎಷ್ಟೋ ಸಲ ಬರೀ ಹೊಸ ಗ್ಯಾಸ್ಕೆಟ್ (ಅದೇ ಬಾಗಿಲಿನ ರಬ್ಬರ್) ಹಾಕಿಸಿ, ಹಿಂದಿನ ಕಾಯಿಲ್ ಧೂಳು ಒರೆಸಿ, ಗೋಡೆಯಿಂದ ಸ್ವಲ್ಪ ಮುಂದೆ ಎಳೆದ್ರೇ ಕಂಪ್ರೆಸರ್ ಓಡೋದು ಕಮ್ಮಿ ಆಗುತ್ತೆ.

ಹೊಸದು ತಗೊಳ್ಳೋದೇ ಆದ್ರೆ ಸ್ಟಾರ್‌ಗಿಂತ ಮೊದಲು ಲೇಬಲ್ ಮೇಲಿರೋ ವರ್ಷದ ಯೂನಿಟ್ ಓದಿ. ಸ್ಟಾರ್ ಕೊಡೋದು ಅದೇ ಅಳತೆಯ ಬೇರೆ ಫ್ರಿಡ್ಜ್‌ಗಳಿಗೆ ಹೋಲಿಸಿ, ಹಾಗಾಗಿ ದೊಡ್ಡ 5 ಸ್ಟಾರ್‌ದು ಚಿಕ್ಕ 3 ಸ್ಟಾರ್‌ಗಿಂತ ಜಾಸ್ತಿ ಎಳೀಬಹುದು. ಲೇಬಲ್ ಯಾವ ವರ್ಷದ್ದು ಅಂತಾನೂ ನೋಡಿ, ನಿಯಮ ಆಗಾಗ ಬಿಗಿ ಮಾಡ್ತಾರೆ. ಯುರೋಪಿನಲ್ಲಿ 2021ರಲ್ಲಿ ಲೇಬಲ್‌ನ ಎ+++ ಥರದ ದರ್ಜೆಗಳನ್ನ ತೆಗೆದು ಮತ್ತೆ ಎ ಇಂದ ಜಿ ವರೆಗೆ ಮಾಡಿದಾಗ ಮುಂಚೆ ಮೇಲಿದ್ದ ಎಷ್ಟೋ ಮಾಡೆಲ್‌ಗಳು ಕೆಳಗೆ ಬಂದ್ವು. ಇನ್ನು ಇನ್ವರ್ಟರ್ ಅಂದ್ರೆ ಕಂಪ್ರೆಸರ್ ಪೂರ್ತಿ ನಿಂತು ಮತ್ತೆ ಶುರುವಾಗೋ ಬದಲು ವೇಗ ಇಳಿಸ್ಕೊಂಡು ಓಡುತ್ತೆ. ಫ್ರಿಡ್ಜ್, ಎಸಿ ಥರ ತುಂಬ ಹೊತ್ತು ಓಡೋದಕ್ಕೆ ಅದು ಒಳ್ಳೇದು, ಆದ್ರೆ ಆ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಯೂನಿಟ್ ಕಮ್ಮಿ ಅಂತ ನಂಬ್ಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಹೊಸ ಫ್ರಿಡ್ಜ್ ಬಂದ್ಮೇಲೆ ಹಳೇದನ್ನ ಇರ್ಲಿ ಅಂತ ಮೂಲೇಲಿ ಓಡಿಸ್ಬೇಡಿ. ಉಳಿತಾಯ ಎಲ್ಲಾ ಅಲ್ಲೇ ಹೋಗುತ್ತೆ.

ಸಂಜೆಗಾಳಿ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕಾಗದ ಇಟ್ಟು ನೋಡ್ದೆ, ಕೆಳಗಿನ ಮೂಲೇಲಿ ಹಾಗೇ ಜಾರಿ ಬಂತು! ವಾಷಿಂಗ್ ಮಷೀನ್ ಬಗ್ಗೆ ಏನಂತೀರಾ?

ಮಳೆಬಿಲ್ಲು22:
ಅದು ಕೊನೆಗಿರ್ಲಿ. ವಾಷಿಂಗ್ ಮಷೀನ್‌ನಲ್ಲಿ ಕರೆಂಟ್ ತಿನ್ನೋದು ಮುಖ್ಯವಾಗಿ ನೀರು ಕಾಯಿಸೋ ಹೀಟರ್, ಮೋಟಾರ್ ಅಲ್ಲ. ತಣ್ಣೀರಲ್ಲಿ, ಡ್ರಮ್ ತುಂಬ ಬಟ್ಟೆ ಹಾಕಿ ಒಗೆದ್ರೆ ಹಳೇ ಮಷೀನೂ ಜಾಸ್ತಿ ಎಳೆಯಲ್ಲ. ಫ್ರಿಡ್ಜ್‌ಗೆ ಮೊದಲು ಗ್ಯಾಸ್ಕೆಟ್ ಹಾಕಿಸಿ, ಆಮೇಲೆ ಪ್ಲಗ್‌ಗೆ ಸಿಗಿಸೋ ಎನರ್ಜಿ ಮೀಟರ್ ಯಾರ ಹತ್ರನಾದ್ರೂ ಇಸ್ಕೊಂಡು ಒಂದು ವಾರ ಅಳೆದು 52ರಿಂದ ಗುಣಿಸಿ, ಹೊಸ ಫ್ರಿಡ್ಜ್‌ನ ಲೇಬಲ್ ಪಕ್ಕ ಇಟ್ಟು ನೋಡಿ. ಅಂತರ ದೊಡ್ಡದಿದ್ರೆ ಫ್ರಿಡ್ಜ್, ಇಲ್ಲಾಂದ್ರೆ ಮೇಷ್ಟ್ರು ಹೇಳಿದ ಹಾಗೆ ಫ್ಯಾನ್.

ಲೆಕ್ಕದ_ಮೇಷ್ಟ್ರು:
ಇದು ಸರಿ, ಒಪ್ಪಿದೆ. ಫ್ಯಾನ್ ತಗೊಳ್ಳುವಾಗ ವ್ಯಾಟ್ ಜೊತೆಗೆ ಗಾಳಿ ಎಷ್ಟು ತಳ್ಳುತ್ತೆ ಅನ್ನೋ ಅಂಕಿನೂ ಡಬ್ಬದ ಮೇಲೆ ಇರುತ್ತೆ, ಅದನ್ನ ನೋಡೇ ತಗೊಳ್ಳಿ, ಇಲ್ದಿದ್ರೆ ಗಾಳಿ ಸಾಲ್ದೆ ಇನ್ನೊಂದು ಫ್ಯಾನ್ ಹಾಕ್ಕೋಬೇಕಾಗುತ್ತೆ.