ಸಹಾಯ ಬೇಕು: ‘ಜನುಮದ ಜೋಡಿ’ ಹಾಡಿನ ಪುಸ್ತಕ ಅಸಲಿಯೋ ನಕಲಿಯೋ?

ಎಲ್ಲರಿಗೂ ನಮಸ್ಕಾರ. 1996ರ ‘ಜನುಮದ ಜೋಡಿ’ಯ (ನಾಗಾಭರಣ ನಿರ್ದೇಶನ, ವಿ. ಮನೋಹರ್ ಸಂಗೀತ) ಹಾಡಿನ ಪುಸ್ತಕ ಹುಡುಕುತ್ತಿದ್ದೇನೆ. ಥಿಯೇಟರ್ ಬಾಗಿಲಲ್ಲಿ ಮಾರುತ್ತಿದ್ದರಲ್ಲ, ತೆಳು ಕಾಗದದ್ದು, ಅದೇ. ಅರ್ಧ ಕಥೆ ಹೇಳಿ, ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಅಂತ ಕೈಬಿಡುತ್ತಿದ್ದವು. ಸಿನಿಮಾ ನೋಡಿ ಹೊರಗೆ ಬಂದವರಿಗೂ ಅದೇ ಮಾತು!

ಆಗ ನಾನು ಪ್ರೈಮರಿ ಸ್ಕೂಲು. ತುಮಕೂರಲ್ಲಿ ಅಮ್ಮ ಹೆಂಗಸರ ಕ್ಯೂನಲ್ಲಿ ನಿಂತು ಟಿಕೆಟ್ ತಂದಿದ್ದರು. ‘ಕೋಲುಮಂಡೆ ಜಂಗಮದೇವ’ ಹಾಡಿಗೆ ಜನ ಪರದೆಯತ್ತ ಚಿಲ್ಲರೆ ಎಸೆದಿದ್ದು, ಹೆಕ್ಕಲು ಓಡಿದ ನನ್ನ ಕಿವಿಯನ್ನು ಅಮ್ಮ ಹಿಂಡಿದ್ದು ಚೆನ್ನಾಗಿ ನೆನಪಿದೆ. ಆ ಪುಸ್ತಕ ನೋಡಿಕೊಂಡೇ ಅಮ್ಮ ಅಡುಗೆಮನೆಯಲ್ಲಿ ಹಾಡುತ್ತಿದ್ದರು. ಆಮೇಲೆ ಅದು ರದ್ದಿ ಜೊತೆ ಹೋಯಿತು.

ಬೆಂಗಳೂರಿನ ಅವೆನ್ಯೂ ರೋಡಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಕೇಳಿದೆ. ಗೈಡು, ಟೆಕ್ಸ್ಟ್‌ಬುಕ್ ಬಿಟ್ಟು ಏನೂ ಇಲ್ಲ ಅಂದರು. ಸಂಡೆ ಬಜಾರಿನಲ್ಲಿ ಕ್ಯಾಸೆಟ್ ಸಿಕ್ಕಿತು, ಪುಸ್ತಕ ಇಲ್ಲ. ಹಾಡುಗಳ ಸಾಹಿತ್ಯ ನೆಟ್‌ನಲ್ಲಿದೆ, ಗೊತ್ತು. ಅಮ್ಮನಿಗೆ ಕೊಡಲು ನನಗೆ ಪುಸ್ತಕವೇ ಬೇಕು.

ಈಗ ಒಬ್ಬರು ಆನ್‌ಲೈನ್‌ನಲ್ಲಿ ‘ಒರಿಜಿನಲ್’ ಅಂತ 800 ರೂಪಾಯಿ ಕೇಳುತ್ತಿದ್ದಾರೆ. ಫೋಟೋದಲ್ಲಿ ಕಾಗದ ಜಾಸ್ತಿ ಬೆಳ್ಳಗಿದೆ, ಪಿನ್ನಿಗೆ ತುಕ್ಕೂ ಇಲ್ಲ. ನನ್ನ ಗೊಂದಲ ಇಲ್ಲೇ. ಜೋಪಾನವಾಗಿ ಇಟ್ಟಿದ್ದರೆ ಹಾಗಿರಬಹುದಾ, ಇಲ್ಲ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿದ್ದಾ?

ಹಾಡಿನ ಪುಸ್ತಕ ಕೂಡಿಡುವವರು ಇಲ್ಲಿದ್ದರೆ ದಯವಿಟ್ಟು ಹೇಳಿ: ದುಡ್ಡು ಕಳಿಸುವ ಮುಂಚೆ ಮಾರುವವರ ಹತ್ತಿರ ಯಾವ ಪುಟದ, ಯಾವ ಭಾಗದ ಫೋಟೋ ಕೇಳಬೇಕು?