ಮೂರನೇ ತರಗತಿಯ ಮಗಳಿಗೆ ಮನೆಯಲ್ಲೇ ಆಟದ ಗಣಿತ: ನಿಮ್ಮ ಅನುಭವ ಹೇಳಿ

ಪ್ರಶ್ನೆ: ಮಗಳು ಮೂರನೇ ತರಗತಿ. 52ರಲ್ಲಿ 38 ಕಳೆ ಅಂದರೆ 26 ಅಂತ ಬರೀತಾಳೆ. ವರ್ಕ್‌ಶೀಟ್ ತೆಗೆದ ಕೂಡಲೇ ಮುಖ ಬಾಡುತ್ತೆ. ದುಡ್ಡು ಖರ್ಚಿಲ್ಲದೆ, ಮನೆಯಲ್ಲಿ ಕೈಯಾರೆ ಮಾಡಿ ಕಲಿಯೋ ದಾರಿ ಇದ್ದರೆ ತಿಳಿಸಿ.

ನಿವೃತ್ತ ಶಿಕ್ಷಕಿ, ತುಮಕೂರು ಜಿಲ್ಲೆ:
ಅಮ್ಮಾ, ಆ 26 ಗಮನವಿಲ್ಲದೆ ಬರೆದದ್ದಲ್ಲ. ಎರಡರಲ್ಲಿ ಎಂಟು ಹೋಗಲ್ಲ ಅಂತ ಮಗು ಎಂಟರಲ್ಲೇ ಎರಡು ಕಳೆದಿದೆ. ಅವಳ ಕಣ್ಣಿಗೆ 52 ಅಂದರೆ ಅಕ್ಕಪಕ್ಕ ಕೂತ ಐದು ಮತ್ತು ಎರಡು, ಅಷ್ಟೇ. ಆ ಐದರೊಳಗೆ ಐವತ್ತಿದೆ ಅನ್ನೋದು ಕೈಗೆ ಸಿಗಬೇಕು.

ನಲಿ-ಕಲಿ (ಸರ್ಕಾರಿ ಶಾಲೆಯ ಚಟುವಟಿಕೆ ಮೂಲಕ ಕಲಿಕೆ) ತರಗತಿಯಲ್ಲಿ ನಾನು ಮಾಡಿಸುತ್ತಿದ್ದದ್ದು ಇದು: ತೆಂಗಿನ ಪೊರಕೆ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು, ಹತ್ತತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕೋದು. ಕಟ್ಟನ್ನು ಮಗುವೇ ಕಟ್ಟಬೇಕು. ನೀವು ಕಟ್ಟಿಕೊಟ್ಟರೆ ಅರ್ಧ ಪಾಠ ಹೋಯಿತು. ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು "ನನಗೆ 38 ಕೊಡು" ಅನ್ನಿ. ಮೂರು ಕಟ್ಟು ತಟ್ಟನೆ ಬರುತ್ತೆ. ಎಂಟು ಬಿಡಿ ಕೊಡೋಕೆ ಹೋದರೆ ಇರೋದು ಎರಡೇ. ಆಗ ನೀವು ಮಾತಾಡಬೇಡಿ. ಇದು ಬಹಳ ಮುಖ್ಯ. ತಂದೆತಾಯಿ ಇಲ್ಲೇ ಆತುರಪಟ್ಟು ಹೇಳಿಕೊಟ್ಟುಬಿಡ್ತಾರೆ. ಸ್ವಲ್ಪ ಹೊತ್ತು ಬಿಟ್ಟರೆ ಹೆಚ್ಚಿನ ಮಕ್ಕಳು ತಾವೇ ಒಂದು ಕಟ್ಟು ಬಿಚ್ಚುತ್ತಾರೆ. ಬಿಡಿ ಹನ್ನೆರಡಾಯಿತು, ಎಂಟು ಕೊಟ್ಟರೆ ನಾಲ್ಕು, ಜೊತೆಗೆ ಒಂದು ಕಟ್ಟು: ಹದಿನಾಲ್ಕು. ಪುಸ್ತಕದಲ್ಲಿ "ದಶಕ ಸಹಿತ ವ್ಯವಕಲನ" ಅಂತಿರೋದು ಈ ರಬ್ಬರ್ ಬ್ಯಾಂಡ್ ಬಿಚ್ಚೋದೇ. ಕೈ ಪಳಗಿದ ಮೇಲೆ ಕಡ್ಡಿಯ ಪಕ್ಕದಲ್ಲೇ ಲೆಕ್ಕ ಬರೆಸಿ. 5 ಹೊಡೆದು 4 ಬರೆಯೋದು ಯಾಕೆ ಅಂತ ಬಿಡಿಸಿ ಹೇಳೋ ಅಗತ್ಯವೇ ಬೀಳಲ್ಲ.

ಒಬ್ಬ ತಂದೆ, ಉಡುಪಿ:
ನಮ್ಮಲ್ಲಿ ಚೆನ್ನೆಮಣೆ ಉಂಟು. 14 ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು 56. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗುವುದು. ತುಳುನಾಡಿನ ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಿಕ್ಕಾಗದಾಗ ಹಿಂದಿನಿಂದಲೂ ಆಡುವ ಆಟ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದರೂ ಸಾಕು. ಬೀಜ ಎತ್ತುವ ಮೊದಲು "ಕೊನೇ ಬೀಜ ಎಲ್ಲಿ ಬೀಳ್ತದೆ?" ಅಂತ ಕೇಳಿ. ಮೊದಮೊದಲು ಮಗ ಬೆರಳಿಟ್ಟು ಎಣಿಸುತ್ತಿದ್ದ, ಈಗ ನೋಡಿದ ಕೂಡಲೇ ಹೇಳ್ತಾನೆ. ಗೆದ್ದ ಬೀಜ ಎಣಿಸುವಾಗ ಹತ್ತರ ಗುಂಪು ಮಾಡಿಸಿ, ಟೀಚರ್ ಹೇಳಿದ ಕಟ್ಟಿಗೂ ಇದಕ್ಕೂ ಸರಿಹೊಂದುತ್ತದೆ.

ಒಬ್ಬ ತಾಯಿ, ಮೈಸೂರು:
ನಮ್ಮನೇಲಿ ರಂಗೋಲಿ. ಏಳರಿಂದ ನಾಲ್ಕರವರೆಗೆ ಸಂದುಚುಕ್ಕಿ (ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಒಂದು ಚುಕ್ಕಿ) ಇಡಿಸಿ, ಒಟ್ಟು ಎಷ್ಟು ಚುಕ್ಕಿ ಅಂತ ಕೇಳಿ. ಒಂದೊಂದಾಗಿ ಎಣಿಸಿದರೆ ತಪ್ಪಿಹೋಗುತ್ತೆ. ನಡುಸಾಲು ಏಳು, ಮೇಲೆ ಆರು, ಐದು, ನಾಲ್ಕು ಸೇರಿ ಹದಿನೈದು, ಕೆಳಗೂ ಹದಿನೈದು, ಒಟ್ಟು 37. ಮೇಲಿನ ಅರ್ಧ ಎಣಿಸಿದರೆ ಕೆಳಗಿನದೂ ಬಂತು ಅಂತ ಮಗಳು ತಾನೇ ಕಂಡುಕೊಂಡಳು! ಅಕ್ಕಿ ಅಳೆಯೋದನ್ನೂ ಅವಳಿಗೇ ಬಿಟ್ಟಿದ್ದೀನಿ. ನಾಲ್ಕು ಪಾವು ಒಂದು ಸೇರು, ಹಾಗಾದ್ರೆ ಮುಕ್ಕಾಲು ಸೇರಿಗೆ ಎಷ್ಟು ಪಾವು? ಭಿನ್ನರಾಶಿ ಶಾಲೆಯಲ್ಲಿ ಬರೋ ಮೊದಲೇ ಕಾಲು, ಅರ್ಧ ಕೈಗೆ ಗೊತ್ತಿರುತ್ತೆ.

ಧಾರವಾಡದಿಂದ:
ಅಕ್ಕಾರ, ಆಟ ಆಡ್ಸ್ರಿ, ಆದ್ರ ಮಗ್ಗಿ ಬಾಯಿಪಾಠ ಬಿಡಿಸಬ್ಯಾಡ್ರಿ. ಎರಡೂ ಬೇಕು. ಹುಣಸಿ ಬೀಜ ಆರು ಸಾಲು, ಸಾಲಿಗೆ ಏಳರಂಗ ಹಚ್ಚಸ್ರಿ. ಮಗ್ಗಲಕ್ಕ ಬಂದು ನೋಡಿದ್ರ ಏಳು ಸಾಲು, ಸಾಲಿಗೆ ಆರು. ಎರಡೂ ನಲವತ್ತೆರಡ. ಇದು ತಿಳೀತಂದ್ರ ಏಳರ ಮಗ್ಗಿ ಹಿಡಿಯೋ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮೊದಲ ಬಂದಿರ್ತದ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಮೊದಲು ಯಾವುದು ಶುರು ಮಾಡಲಿ?

ನಿವೃತ್ತ ಶಿಕ್ಷಕಿ:
ನಿಮ್ಮ ಮಗಳಿಗೆ ಕಡ್ಡಿಯೇ ಮೊದಲು. ಆದರೆ 52-38 ಈಗಲೇ ಬೇಡ, 23ರಲ್ಲಿ 7, 31ರಲ್ಲಿ 5ರಂಥ ಲೆಕ್ಕ ಕೊಡಿ. 40ರಲ್ಲಿ 16ನ್ನು ಕೊನೆಗಿಡಿ. ಬಿಡಿ ಕಡ್ಡಿ ಒಂದೂ ಇಲ್ಲದಿದ್ದರೆ ಮಕ್ಕಳು ತಬ್ಬಿಬ್ಬಾಗ್ತಾರೆ. ಉಳಿದವನ್ನೆಲ್ಲ ಸಲೀಸಾಗಿ ಮಾಡೋ ಮಗುವೂ ಅಲ್ಲಿ 36 ಅಂತ ಬರೆದುಬಿಡುತ್ತೆ.